ಎಳೆ ನಡುಗಿದರೆ

ಚಿತ್ತಾರಕ್ಕೆ ಅಕ್ಕಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಳಿಗ್ಗೆ ಎದ್ದು, ನೀರು ಬಸಿದು, ಒರಳಲ್ಲಿ ಬೆಣ್ಣೆಯ ಹಾಗೆ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿದರೆ ಬಿಳಿ ಬಣ್ಣ ಸಿದ್ಧ. ಒಂದಿಷ್ಟು ತರಿ ಉಳಿದರೂ ಎಳೆ ನಡುವೆ ಕಡಿಯುತ್ತದೆ. ನಾನು ಶಾಲೆಯಿಂದ ನಿವೃತ್ತಳಾದ ವರ್ಷ, ಶಿಕಾರಿಪುರದ ನಮ್ಮ ಮನೆಯಲ್ಲಿ ಒಂದು ರಾತ್ರಿ ಪಾವು ಅಕ್ಕಿ ನೆನೆಹಾಕಿದೆ. ಬೆಳಿಗ್ಗೆ ಅದನ್ನು ದೋಸೆಗೆ ರುಬ್ಬಿಬಿಟ್ಟೆ. ಮರುವಾರ ಮತ್ತೆ ನೆನೆಹಾಕಿದೆ, ಮತ್ತೆ ದೋಸೆಯಾಯಿತು. ಹೀಗೆ ನಾಲ್ಕು ಸಲ. ಮನೆಯವರ ಪಾಲಿಗೆ ಅದು ಬೆಳಗಿನ ತಿಂಡಿ. ಅದು ನನ್ನ ಭಯ ಅಂತ ನನಗೊಬ್ಬಳಿಗೇ ಗೊತ್ತಿತ್ತು.

ನನ್ನ ತವರು ಸೊರಬ ತಾಲ್ಲೂಕಿನ ಒಂದು ದೀವರ ಮನೆ. ದಂಡಾವತಿ ಹೊಳೆಗೆ ದೂರವಲ್ಲದ ಊರು. ಮುಂದೆ ಗದ್ದೆ, ಹಿಂದೆ ಕಾನು. ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಹೆಂಗಸರು ಚಿತ್ತಾರ ಬರೆಯುತ್ತಿದ್ದರು. ನಮ್ಮಲ್ಲಿ ಚಿತ್ತಾರ ಬಿಡಿಸುವುದು ಎನ್ನುವುದಿಲ್ಲ, ಬರೆಯುವುದು ಎನ್ನುತ್ತೇವೆ. ಬಿಳಿಗೆ ಅಕ್ಕಿ. ಕಪ್ಪಿಗೆ ಕರಿಕಾಗುವ ತನಕ ಹುರಿದು ಅರೆದ ಅದೇ ಅಕ್ಕಿ. ಹಳದಿಗೆ ಗುರಿಗೆ ಬೀಜ. ಕೆಂಪು ಬೇಕೆಂದರೆ ಕಾಲ ಕೆಳಗಿನ ನೆಲವೇ ಇತ್ತು. ಕುಂಚಕ್ಕೆ ಪುಂಡಿ ನಾರು. ಪುಂಡಿ ಕಡ್ಡಿಯನ್ನು ನೀರಲ್ಲಿ ಕೊಳೆಹಾಕಿ, ಸಿಪ್ಪೆ ಸುಲಿದು, ನಾರು ತೊಳೆದು ಒಣಗಿಸಿ, ಹಿಡಿಯುವಷ್ಟು ಸೇರಿಸಿ ದಾರದಿಂದ ಬಿಗಿದು, ತುದಿಯನ್ನು ಬೆರಳಲ್ಲಿ ತೀಡಿ ತೀಡಿ ಓರಣ ಮಾಡುತ್ತಿದ್ದಳು ಅವ್ವ. ಆ ಕುಂಚ ಬಣ್ಣವನ್ನು ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುವುದಿಲ್ಲ. ಅದ್ದಿದಷ್ಟು ಬಣ್ಣದಲ್ಲಿ, ಹಿಡಿದ ಉಸಿರು ಬಿಡುವುದರೊಳಗೆ ಎಳೆ ಮುಗಿಯಬೇಕು.

ಮದುವೆಯಾದರೆ ಹಸೆಯ ಗೋಡೆಗೆ ಚಿತ್ತಾರ. ಒತ್ತೊತ್ತಾಗಿ ಎಳೆ, ಎಳೆಯಿಂದ ಏಣಿ, ಜೋಗಿ ಜಡೆ, ಬಾಸಿಂಗ, ನಡುವೆ ಮದುಮಕ್ಕಳು. ಭೂಮಿ ಹುಣ್ಣಿಮೆ ಬಂದರೆ ಭೂಮಣ್ಣಿ ಬುಟ್ಟಿ. ಬಿದಿರು ಬುಟ್ಟಿಗೆ ಸಗಣಿ, ಕೆಮ್ಮಣ್ಣು ಮೆತ್ತಿ, ದಸರೆಯಿಂದ ಹುಣ್ಣಿಮೆವರೆಗೆ ದಿನಾ ರಾತ್ರಿ ಕೆಲಸ ಮುಗಿಸಿ ಬುಡ್ಡಿ ದೀಪದ ಮುಂದೆ ಕೂತು ಅವ್ವ ಅದರ ಸುತ್ತ ಬರೆಯುತ್ತಿದ್ದಳು. ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಅಪ್ಪ ಆ ಬುಟ್ಟಿಯಲ್ಲಿ ಅಡುಗೆ ಹೊತ್ತು ಗದ್ದೆಗೆ ಹೋಗಿ, ಹೊಡೆಯಾಗಿ ನಿಂತ ಪೈರಿಗೆ ಬಯಕೆಯ ಊಟ ಬಡಿಸಿ ಬರುತ್ತಿದ್ದ. ಮುಂದಿನ ವರ್ಷ ಅದೇ ಬುಟ್ಟಿಗೆ ಮತ್ತೆ ಸಗಣಿ, ಮತ್ತೆ ಕೆಮ್ಮಣ್ಣು. ಹಿಂದಿನ ಚಿತ್ತಾರ ಅಡಿಗೆ ಹೋಗುತ್ತಿತ್ತು. ಗೋಡೆಯದೂ ಅದೇ ಕತೆ. ಅವ್ವ ತನ್ನ ಬಾಳಿಡೀ ಬರೆದಳು. ಅವಳು ಹೋದ ಮೇಲೆ ನೋಡಿದರೆ ಅವಳು ಬರೆದ ಒಂದೇ ಒಂದು ಎಳೆ ನಮ್ಮ ಮನೆಯಲ್ಲಿ ಉಳಿದಿರಲಿಲ್ಲ. ಅಷ್ಟರಲ್ಲಿ ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಗೋಡೆ ಬಂದಿತ್ತು. ಅದಕ್ಕೆ ತಿಳಿನೀಲಿ ಡಿಸ್ಟೆಂಪರ್ ಹೊಡೆದಿದ್ದರು.

ನಾನು ಚಿಕ್ಕವಳಿದ್ದಾಗ ಅವ್ವನ ಪಕ್ಕ ಕೂತು ಬುಟ್ಟಿಯ ತಳಭಾಗದಲ್ಲಿ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಬರೆಯುತ್ತಿದ್ದೆ. ಕೈ ನಡುಗಿ ಎಳೆ ಸೊಟ್ಟಗಾದ ಕೂಡಲೇ ಸೆರಗಿನಿಂದ ಒರೆಸಲು ಹೋಗುತ್ತಿದ್ದೆ. ಅವ್ವ ಕೈ ಹಿಡಿಯುತ್ತಿದ್ದಳು. "ಎಳೆ ನಡುಗ್ತು ಅಂತ ಒರೆಸಬ್ಯಾಡ ಮಗಾ. ಒರೆಸಿದ್ರೆ ಕೆಮ್ಮಣ್ಣೂ ಎದ್ದು ಬರ್ತದೆ. ಪಕ್ಕದಾಗೆ ಇನ್ನೊಂದೆಳೆ ಹಾಕು." ಆಗ ಅದು ನನಗೆ ಬರೀ ಬುಟ್ಟಿಯ ಮಾತಾಗಿತ್ತು.

ಓದಿದೆ, ಟಿ.ಸಿ.ಎಚ್. ಮುಗಿಸಿದೆ, ಶಿಕಾರಿಪುರ ತಾಲ್ಲೂಕಿನ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿದೆ. ಆ ಕೆಲಸವನ್ನು ಪ್ರೀತಿಯಿಂದಲೇ ಮಾಡಿದ್ದೇನೆ. ಆದರೆ ಕೆಂಪು ಪೆನ್ನು ಹಿಡಿದ ಕೈಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ. ಪುಟ ಕಂಡರೆ ಮೊದಲು ತಪ್ಪು ಕಾಣುತ್ತದೆ. ಮಕ್ಕಳ ಪುಟ ಮುಗಿದ ಮೇಲೆ ಆ ಪೆನ್ನು ನನ್ನ ಮೇಲೆಯೇ ತಿರುಗಿತು. ಚಿತ್ತಾರ ಬರೆಯಬೇಕು ಎಂಬ ಆಸೆ ನಡುನಡುವೆ ಏಳುತ್ತಲೇ ಇತ್ತು. ಎದ್ದಾಗಲೆಲ್ಲ ಒಳಗೊಬ್ಬ ಇನ್‌ಸ್ಪೆಕ್ಟರು ಎದ್ದು ನಿಂತು ಕೇಳುತ್ತಿದ್ದರು: ನಲವತ್ತು ವರ್ಷ ಮುಟ್ಟದ ಕುಂಚ ಈಗ ಕೈಗೆ ಬರುತ್ತದೆಯೇ? ಅವ್ವನಷ್ಟು ಬರೆಯಲಾಗದಿದ್ದರೆ ಬರೆದು ಏನು ಪ್ರಯೋಜನ? ಈ ವಯಸ್ಸಿನಲ್ಲಿ ಇದನ್ನು ಕಸುಬು ಎಂದುಕೊಂಡರೆ ಜನ ಏನಂದಾರು?

ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಬಸ್ಸು ಶಿರಾಳಕೊಪ್ಪದ ಮೇಲೆ ಹೋಗುತ್ತದೆ. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ತವರಿಗೆ ಹೊರಟಾಗಲೆಲ್ಲ ಆ ದಾರಿ. ಶಿರಾಳಕೊಪ್ಪದ ಆಸುಪಾಸಿನಲ್ಲಿ ಎಂಥ ಊರುಗಳಿವೆ ಎಂಬುದು ಪಾಠ ಹೇಳುವಾಗ ಗೊತ್ತಿದ್ದರೂ ಮನಸ್ಸಿಗೆ ತಟ್ಟಿರಲಿಲ್ಲ. ತಾಳಗುಂದದ ಪ್ರಣವೇಶ್ವರ ಗುಡಿಯ ಮುಂದೆ ಕಲ್ಲಿನ ಕಂಬವೊಂದಿದೆ. ಕದಂಬ ಶಾಂತಿವರ್ಮನ ಕಾಲದ ಶಾಸನ, ಕ್ರಿ.ಶ. 5ನೆಯ ಶತಮಾನದ್ದು. ವೇದ ಓದಲು ಕಂಚಿಗೆ ಹೋದ ಮಯೂರಶರ್ಮ ಅವಮಾನಗೊಂಡು, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕತೆ ಅದರಲ್ಲಿದೆ. ಮಕ್ಕಳಿಗೆ ನಾವು ಹೇಳುವುದು ಆ ಕತೆಯನ್ನು. ಆದರೆ ಅದೇ ಕಂಬದಲ್ಲಿ, ಆ ಕಾವ್ಯ ಕಟ್ಟಿದ ಕವಿ ಕುಬ್ಜ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಎಂದೂ ಹೇಳಿಕೊಂಡಿದ್ದಾನೆ. ಅರಸರ ಹೆಸರಿನ ಜೊತೆಗೆ ಬರೆದವನ ಹೆಸರೂ ಹದಿನೈದು ನೂರು ವರ್ಷ ಮಳೆ ಬಿಸಿಲಿಗೆ ನಿಂತಿದೆ.

ಅಲ್ಲಿಂದ ಹತ್ತಿರದಲ್ಲೇ ಬಳ್ಳಿಗಾವಿ, ಅಲ್ಲಮನ ಊರು. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕು. ಬಳ್ಳಿಗಾವಿಯಿಂದ ಹೊರಟ ಶಿಲ್ಪಿ ದಾಸೋಜ ಮತ್ತು ಅವನ ಮಗ ಚಾವಣ ಬೇಲೂರಿಗೆ ಹೋಗಿ, 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಕೆಲಸ ಮಾಡಿದರು. ಶಾಲೆಯ ಪ್ರವಾಸದಲ್ಲಿ ಒಮ್ಮೆ ಮಕ್ಕಳನ್ನು ಬೇಲೂರಿಗೆ ಕರೆದೊಯ್ದಿದ್ದೆ. ಮದನಿಕೆಯ ಕೆಳಗೆ ಶಿಲ್ಪಿಯ ಹೆಸರು ಕೊರೆದಿದೆ, ಬಳ್ಳಿಗ್ರಾಮೆಯ ದಾಸೋಜ ಎಂದು ಅಲ್ಲಿಯವರು ತೋರಿಸಿದಾಗ ನಮ್ಮ ಹುಡುಗನೊಬ್ಬ ಕುಣಿದುಬಿಟ್ಟ. "ಅಕ್ಕೋರೇ, ನಮ್ಮೂರೋರು!" ಊರಿಗೆ ವಾಪಸ್ಸು ಬರುವವರೆಗೂ ಬಸ್ಸಿನಲ್ಲಿ ಅದೇ ಮಾತು. ಒಂಬೈನೂರು ವರ್ಷದ ಹಿಂದೆ ಒಬ್ಬ ಕೆಲಸಗಾರ ತನ್ನ ಕೆಲಸದ ಕೆಳಗೆ ತನ್ನ ಹೆಸರನ್ನೂ ಊರನ್ನೂ ಬರೆದಿಟ್ಟಿದ್ದರಿಂದ ನಾಲ್ಕನೆಯ ಕ್ಲಾಸಿನ ಆ ಹುಡುಗನಿಗೆ ಅಷ್ಟು ಎದೆಯುಬ್ಬಿತು. ಮಕ್ಕಳಿಗೆ ಅವತ್ತು ನಾನೇ ಹೇಳಿದೆ: ಮಾಡಿದ ಕೆಲಸಕ್ಕೆ ಹೆಸರು ಹಾಕುವುದು ಜಂಬವಲ್ಲ, ಜವಾಬ್ದಾರಿ. ಹೇಳುವಾಗ ಅವ್ವನ ನೆನಪಾಯಿತು. ಅವ್ವನ ಕೆಲಸಕ್ಕೆ ಹೆಸರೆಲ್ಲಿತ್ತು?

ಈ ಪ್ರಶ್ನೆಯ ಹಿಂದೆ ಹೋದಾಗ ನನ್ನ ಅಂಜಿಕೆಯ ಬೇರು ಸಿಕ್ಕಿತು. ಸೊರಬದಲ್ಲಿ ಗುಡಿಗಾರರಿದ್ದಾರೆ. ಶ್ರೀಗಂಧದ ಕೆತ್ತನೆಯಲ್ಲಿ ಸೊರಬ, ಸಾಗರದ ಗುಡಿಗಾರರ ಹೆಸರು ದೊಡ್ಡದು. ಅವರ ಮನೆಯ ಹುಡುಗ ಉಳಿ ಹಿಡಿದರೆ ಅದು ಕಸುಬು. ಅದಕ್ಕೆ ಗುರು ಇದ್ದಾನೆ, ಗಿರಾಕಿ ಇದ್ದಾನೆ, ಬೆಲೆ ಇದೆ. ನಮ್ಮ ಮನೆಯ ಹೆಂಗಸು ಪುಂಡಿ ಕುಂಚ ಹಿಡಿದರೆ ಅದು ಮನೆಕೆಲಸ. ಗೋಡೆ ಸಾರಿಸಿದ ಹಾಗೆ, ಪಾತ್ರೆ ತೊಳೆದ ಹಾಗೆ. ಅದಕ್ಕೆ ಹೆಸರೂ ಇಲ್ಲ, ಬೆಲೆಯೂ ಇಲ್ಲ. ನನಗೆ ಕೈ ಬರುತ್ತದೋ ಇಲ್ಲವೋ ಎಂಬ ಸಂಶಯ ಮೇಲುಮೇಲಿನದು. ಅದರ ಅಡಿಯಲ್ಲಿದ್ದ ಸಂಶಯವೇ ಬೇರೆ. ಯಾರೂ ಕೆಲಸ ಎಂದು ಲೆಕ್ಕಕ್ಕೆ ಹಿಡಿಯದ್ದನ್ನು ನಾನು ನನ್ನ ಕೆಲಸ ಎಂದು ಹೇಳಿಕೊಳ್ಳಬಹುದೇ? ಅಲ್ಲಿಯವರೆಗೆ ನನ್ನ ಪುಕ್ಕಲುತನ ಎಂದುಕೊಂಡಿದ್ದು ನಾನೊಬ್ಬಳೇ ಸಾಕಿಕೊಂಡಿದ್ದಲ್ಲ. ತಲೆಮಾರುಗಳಿಂದ ಹೆಂಗಸರಿಗೆ ಬಳುವಳಿಯಾಗಿ ಬಂದದ್ದು. ಇದು ತಿಳಿದ ದಿನ ಅರ್ಧ ಭಾರ ಇಳಿಯಿತು.

ಉಳಿದ ಅರ್ಧ ಇಳಿಸಿದವರು ಎಂ.ಕೆ. ಇಂದಿರಾ. ನಮ್ಮ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದವರು. ಹನ್ನೆರಡಕ್ಕೆ ಮದುವೆ, ಶಾಲೆ ಅಲ್ಲಿಗೇ ನಿಂತಿತು. ಸಂಸಾರ, ಮಕ್ಕಳು, ಬಂದುಹೋಗುವ ನೆಂಟರು ಎನ್ನುವುದರಲ್ಲೇ ಅರ್ಧ ಆಯುಷ್ಯ ಕಳೆದು, ಕಾದಂಬರಿ ಬರೆಯಲು ಹಿಡಿದಾಗ ಅವರಿಗೆ ನಲವತ್ತೈದು. 'ತುಂಗಭದ್ರಾ' 1963ರಲ್ಲಿ ಬಂತು. ಆಮೇಲೆ 'ಸದಾನಂದ', ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ 'ಗೆಜ್ಜೆಪೂಜೆ'. 'ಫಣಿಯಮ್ಮ' ಬಂದದ್ದು 1976ರಲ್ಲಿ. ಆಗ ಅವರಿಗೆ ಐವತ್ತೊಂಬತ್ತು. ನಮ್ಮ ಸರ್ಕಾರಿ ಲೆಕ್ಕದಲ್ಲಿ ನಿವೃತ್ತಿಗೆ ಒಂದೇ ವರ್ಷ ಬಾಕಿ ಇರುವ ವಯಸ್ಸು.

ನಾನು 'ಫಣಿಯಮ್ಮ'ನನ್ನು ಮೊದಲು ಓದಿದ್ದು ಹರೆಯದಲ್ಲಿ, ಎರಡನೆಯ ಸಲ ನಿವೃತ್ತಿಯ ಹೊಸ್ತಿಲಲ್ಲಿ. ಮೊದಲ ಸಲ ಕತೆಗೆ ಅತ್ತಿದ್ದೆ. ಎರಡನೆಯ ಸಲ ಬರೆದವರ ಬಗ್ಗೆ ಯೋಚಿಸಿದೆ. ಕಾದಂಬರಿಯ ಫಣಿಯಮ್ಮನಾದ, ಬಾಲವಿಧವೆಯಾಗಿ ಬಾಳಿದ ಹಿರಿಯ ಜೀವ ಇಂದಿರಾ ಅವರ ತಾಯಿಯ ಬಳಿ ತನ್ನ ಕತೆ ಹೇಳಿಕೊಂಡಿದ್ದರು. ಅದು ಮಗಳ ಕಿವಿಗೂ ಬಿದ್ದಿತ್ತು. ಬಾಲ್ಯದಲ್ಲಿ ಕಂಡ ಜೀವ, ಕೇಳಿದ ಕತೆ ಪುಸ್ತಕವಾಗಲು ಇಷ್ಟು ವರ್ಷ ಹಿಡಿಯಿತು. ಆ ವರ್ಷಗಳನ್ನು ವ್ಯರ್ಥ ಎನ್ನಲು ನನಗೆ ಬಾಯಿ ಬರುವುದಿಲ್ಲ. ಇಪ್ಪತ್ತರಲ್ಲಿ ಬರೆದಿದ್ದರೆ ಅದು ಬೇರೆ ಯಾರದೋ ದುಃಖದ ವರದಿಯಾಗುತ್ತಿತ್ತು. ಐವತ್ತು ದಾಟಿದ ಮೇಲೆ ಬರೆದದ್ದರಿಂದ ಫಣಿಯಮ್ಮನ ಮೌನಕ್ಕೂ ಒಂದು ತೂಕ ಬಂತು. ಡಿ.ವಿ.ಜಿ.ಯವರ ಕಗ್ಗ 1943ರಲ್ಲಿ ಅಚ್ಚಾದಾಗ ಅವರಿಗೆ ಐವತ್ತಾರು. ಮಾಸ್ತಿಯವರ 'ಚಿಕವೀರ ರಾಜೇಂದ್ರ' 1956ರದ್ದು, ಆಗ ಅವರಿಗೆ ಅರವತ್ತೈದು. ಅವರಿಬ್ಬರೂ ಜೀವನವಿಡೀ ಬರೆದವರು. ನನ್ನಂಥವರಿಗೆ ಹತ್ತಿರದವರು ಇಂದಿರಾ ಅವರೇ, ಒಲೆಯ ಮುಂದಿನಿಂದ ಎದ್ದು ಬಂದು ಬರೆಯಲು ಕೂತವರು.

ಐದನೆಯ ಸಲ ಅಕ್ಕಿ ನೆನೆಹಾಕಿದ ರಾತ್ರಿ ಮನೆಯವರಿಗೆ ಹೇಳಿದೆ: "ನಾಳೆ ತಿಂಡಿಗೆ ಉಪ್ಪಿಟ್ಟು. ಈ ಅಕ್ಕಿ ಮುಟ್ಟಬೇಡಿ." ಅವರು ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ಬೆಳಿಗ್ಗೆ ನಾನು ಹಿತ್ತಿಲಿಗೆ ಹೋಗುವಷ್ಟರಲ್ಲಿ ಬಚ್ಚಲುಮನೆಯ ಹೊರಗೋಡೆಯನ್ನು ತೊಳೆದು ಒಂದು ಮಣೆ ಇಟ್ಟಿದ್ದರು.

ಊರಿಂದ ತಂದ ಕೆಮ್ಮಣ್ಣು ಬಳಿದೆ. ಒಣಗುವವರೆಗೆ ಎದುರಿಗೇ ಕೂತೆ. ಮೊದಲ ಎಳೆ ಎಳೆದಾಗ ಕೈ ಎಷ್ಟು ನಡುಗಿತೆಂದರೆ ಮೊಣಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಎಳೆ ಮಳೆಗಾಲದ ಎರೆಹುಳದ ಹಾಗೆ ಹರಿದುಹೋಯಿತು. ಒರೆಸಲು ಬಟ್ಟೆ ಎತ್ತಿದೆ. ಬಟ್ಟೆ ಗೋಡೆಗೆ ತಾಗುವ ಮೊದಲು ಅವ್ವನ ಕೈ ನನ್ನ ಕೈ ಹಿಡಿದ ಹಾಗಾಯಿತು. ಒರೆಸಲಿಲ್ಲ. ಪಕ್ಕದಲ್ಲಿ ಎರಡನೆಯ ಎಳೆ ಹಾಕಿದೆ, ಮೊದಲನೆಯದರ ಡೊಂಕಿಗೆ ಹೊಂದಿಕೊಂಡು, ಸ್ವಲ್ಪವೇ ನೆಟ್ಟಗೆ. ಮೂರನೆಯದು ಇನ್ನಷ್ಟು ನೆಟ್ಟಗೆ. ನಾಲ್ಕು, ಐದು. ಆರನೆಯ ಎಳೆಗೆ ಕೈ ತಾನಾಗಿ ನಿಂತಿತು. ಎದ್ದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದೆ. ಮೊದಲ ಎಳೆಯ ನಡುಕ ಎಲ್ಲೂ ಹೋಗಿರಲಿಲ್ಲ, ಅಲ್ಲೇ ಇತ್ತು. ಆದರೆ ಅದು ತಪ್ಪಿನ ಹಾಗೆ ಕಾಣುತ್ತಿರಲಿಲ್ಲ. ಆರು ಎಳೆಗಳ ಸಾಲಿನಲ್ಲಿ ಅದೂ ಒಂದು ಎಳೆಯಾಗಿತ್ತು. ಮೂವತ್ತಮೂರು ವರ್ಷ ಕೆಂಪು ಪೆನ್ನು ಹಿಡಿದ ನನಗೆ ಆ ಗೋಡೆ ಒಂದು ಬೆಳಿಗ್ಗೆಯಲ್ಲಿ ಹೊಸ ಪಾಠ ಹೇಳಿತು. ತಪ್ಪನ್ನು ಅಳಿಸಿ ಮುಂದೆ ಹೋಗುವುದು ಒಂದು ದಾರಿ. ತಪ್ಪಿನ ಪಕ್ಕದಲ್ಲಿ ಕೆಲಸವನ್ನು ಬೆಳೆಸುತ್ತಾ ಹೋಗುವುದು ಇನ್ನೊಂದು ದಾರಿ. ಎರಡನೆಯದನ್ನು ನಾನು ಮಕ್ಕಳಿಗೆ ಸಾಕಷ್ಟು ಕಲಿಸಲಿಲ್ಲ ಎಂಬ ನೋವು ಈಗಲೂ ಇದೆ.

ಒಂದು ವರ್ಷ ಹಿತ್ತಿಲಿನ ಗೋಡೆಯಲ್ಲಿ, ಆಮೇಲೆ ಬುಟ್ಟಿಯಲ್ಲಿ, ದಪ್ಪ ಕಾಗದದಲ್ಲಿ ಬರೆದೆ. ಗೋಡೆಯದನ್ನು ಕಾಗದಕ್ಕೆ ತರುವುದು ಸರಿಯೇ ಎಂದು ತುಂಬಾ ಕಾಡಿತು. ಅದಕ್ಕೆ ಉತ್ತರ ಮಿಥಿಲೆಯ ಹೆಂಗಸರಲ್ಲಿ ಸಿಕ್ಕಿತು. ಬಿಹಾರದಲ್ಲಿ 1966-67ರ ಬರಗಾಲದಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯಿಂದ ಪುಪುಲ್ ಜಯಕರ್ ಅವರು ಕಲಾವಿದ ಭಾಸ್ಕರ ಕುಲಕರ್ಣಿಯವರನ್ನು ಮಧುಬನಿಗೆ ಕಳಿಸಿ, ಗೋಡೆಯ ಮೇಲೆ ಬರೆಯುತ್ತಿದ್ದ ಹೆಂಗಸರಿಗೆ ಕಾಗದ ಕೊಡಿಸಿದರು. ಹೊಟ್ಟೆಗೆ ಹಿಟ್ಟು ಹುಟ್ಟಲಿ ಎಂದು ಆದ ಕೆಲಸ ಅದು. 1975ರಲ್ಲಿ ಅವರಲ್ಲೊಬ್ಬರಾದ ಜಗದಂಬಾ ದೇವಿಯವರಿಗೆ ಪದ್ಮಶ್ರೀ ಬಂತು. ಗೋಡೆ ಬಿದ್ದರೆ ಚಿತ್ರವೂ ಬೀಳುತ್ತದೆ, ಕಾಗದ ಊರೂರಿಗೆ ಹೋಗುತ್ತದೆ. ನಮ್ಮೂರ ಮಣ್ಣಿನ ಗೋಡೆಗಳು ಬಿದ್ದುಹೋಗಿರುವಾಗ ನಾವು ಕಾಗದವನ್ನೂ ಬೇಡ ಎಂದರೆ ಎಳೆಗೆ ನೆಲೆಯೇ ಇರುವುದಿಲ್ಲ.

ಎಲ್ಲರೂ ಬೆನ್ನು ತಟ್ಟಲಿಲ್ಲ. ಒಂದು ಕಡೆ ಚಿತ್ರಗಳನ್ನು ಒಯ್ದಾಗ, ಇದು ಹಳ್ಳಿ ಹೆಂಗಸರು ಹಬ್ಬಕ್ಕೆ ಮಾಡುವುದಲ್ಲವೇ, ಇದರಲ್ಲಿ ಕಲೆ ಎಲ್ಲಿ ಬಂತು ಎಂದು ಒಬ್ಬರು ಕೇಳಿದರು. ಅವತ್ತು ಮನೆಗೆ ಬಂದು ಊಟ ಮಾಡದೆ ಮಲಗಿದೆ. ಮರುದಿನ ಆ ಮಾತಿಗೆ ಉತ್ತರ ಹುಡುಕುತ್ತಾ ಕೂರಲಿಲ್ಲ, ಅಕ್ಕಿ ರುಬ್ಬಿದೆ. ನಡುಗಿದ ಎಳೆಗೂ ಚುಚ್ಚಿದ ಮಾತಿಗೂ ಮದ್ದು ಒಂದೇ.

ಮೊದಲ ಗಿರಾಕಿ ನನ್ನ ಹಳೆಯ ವಿದ್ಯಾರ್ಥಿ. ಶಿರಾಳಕೊಪ್ಪದಲ್ಲಿ ಹೊಸ ಮನೆ ಕಟ್ಟಿಸಿ, ಪಡಸಾಲೆಯ ಗೋಡೆಗೆ ಚಿತ್ತಾರ ಬರೆದುಕೊಡಿ ಎಂದು ಕರೆದ. ಎಂಟು ದಿನ ದಿನಾ ಬಸ್ಸಲ್ಲಿ ಹೋಗಿ ಬರೆದೆ. ಮುಗಿದ ದಿನ, "ಎಷ್ಟು ಕೊಡ್ಲಿ ಅಕ್ಕೋರೇ?" ಎಂದ. "ಎಂತದೂ ಬ್ಯಾಡಪ್ಪ" ಎಂದೆ. ಅವನು ಮೆತ್ತಗೆ ಹೇಳಿದ: "ಗಾರೆಯವ್ರಿಗೆ ಕೊಟ್ಟೀನಿ, ಬಡಗಿಗೆ ಕೊಟ್ಟೀನಿ, ಬಣ್ಣದವ್ರಿಗೆ ಕೊಟ್ಟೀನಿ. ನಿಮ್ದು ಕೆಲಸ ಅಲ್ವಾ ಅಕ್ಕೋರೇ?" ನನ್ನ ಗಂಟಲು ಕಟ್ಟಿತು. ಅವ್ವನನ್ನು ಒಬ್ಬರೂ ಕೇಳದ ಪ್ರಶ್ನೆ ಅದು. ಎಂಟು ದಿನದ ಕೂಲಿಯನ್ನು ಲೆಕ್ಕ ಹಾಕಿ, ಬಾಯಿಬಿಟ್ಟು ಹೇಳಿ, ತೆಗೆದುಕೊಂಡೆ.

"ಹೆಸರು ಹಾಕಿ" ಎಂದ ಆಮೇಲೆ. ಕುಂಚ ಕೈಯಲ್ಲಿತ್ತು, ಹೆಸರು ಬರೆಯಲು ಕೈ ಏಳಲಿಲ್ಲ. ಇದು ನನ್ನದೇ? ಏಣಿ ಅವ್ವನದು, ಜೋಗಿ ಜಡೆ ಅವಳ ಅವ್ವನದು, ಅದಕ್ಕೂ ಹಿಂದೆ ಯಾರದೋ. ಅಲ್ಲಮ, ಅಕ್ಕಮಹಾದೇವಿ ವಚನಗಳಿಗೆ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ. ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂದು ತಮ್ಮ ಮಾತನ್ನು ಒಪ್ಪಿಸಿಬಿಟ್ಟರು. ಕುಬ್ಜ, ದಾಸೋಜ ಹಾಕಿಕೊಂಡರು. ಈ ಎರಡೂ ಇದೇ ನೆಲದ ನಡೆ. ಸ್ವಲ್ಪ ಹೊತ್ತು ಯೋಚಿಸಿ ಕೆಳಗಿನ ಮೂಲೆಯಲ್ಲಿ, ಕೊನೆಯ ಎಳೆಯ ಒಳಗೆ, ಮೊದಲು ಅವ್ವನ ಹೆಸರು, ಆಮೇಲೆ ನನ್ನ ಹೆಸರು, ಆಮೇಲೆ ನಮ್ಮೂರ ಹೆಸರು ಬರೆದೆ. ಅಂದಿನಿಂದ ಪ್ರತಿ ಚಿತ್ತಾರಕ್ಕೂ ಅದೇ ನನ್ನ ಅಂಕಿತ.

ಸಂಶಯ ಪೂರ್ತಿ ಹೋಯಿತೇ ಎಂದು ಕೇಳುವವರಿದ್ದಾರೆ. ಹೋಗಿಲ್ಲ. ಪ್ರತಿ ಹೊಸ ಗೋಡೆಯ ಮುಂದೆ ಮೊದಲ ಎಳೆ ನಡುಗುತ್ತದೆ. ಆದರೆ ಅದು ಹೋಗಲಿ, ಆಮೇಲೆ ಶುರು ಮಾಡೋಣ ಎಂದು ಈಗ ಕಾಯುವುದಿಲ್ಲ. ಆರನೆಯ ಎಳೆಗೆ ಕೈ ನಿಲ್ಲುತ್ತದೆ ಎಂಬುದು ನನಗೆ ಗೊತ್ತು. ಇದನ್ನು ಮೂವತ್ತರಲ್ಲೇ ತಿಳಿದಿದ್ದರೆ ಎಂದು ಕೊರಗುವುದಿಲ್ಲ. ಅರವತ್ತಕ್ಕಾದರೂ ತಿಳಿಯಿತು.

ನಮ್ಮ ಊರುಗಳಲ್ಲಿ ಹಾಡು ಕಟ್ಟಬಲ್ಲ, ಕಸೂತಿ ಹಾಕಬಲ್ಲ, ಮದ್ದಳೆ ನುಡಿಸಬಲ್ಲ ಎಷ್ಟೋ ಕೈಗಳು ಸಂಸಾರದ ಕೆಲಸದಲ್ಲಿ ಮರೆಯಾಗಿ ಕೂತಿವೆ. ಅಂಥವರು ನಿಮ್ಮ ಮನೆಯಲ್ಲಿದ್ದರೆ ಅವರ ಕೆಲಸಕ್ಕೆ ಎಷ್ಟು ಕೊಡಲಿ ಎಂದು ಕೇಳಿ, ಹೆಸರು ಹಾಕಿ ಎಂದು ಒತ್ತಾಯಿಸಿ. ಅಂಥವರು ನೀವೇ ಆಗಿದ್ದರೆ, ಧೈರ್ಯ ಬರಲಿ ಎಂದು ಕಾಯಬೇಡಿ. ಇವತ್ತು ರಾತ್ರಿ ಒಂದು ಪಾವು ಅಕ್ಕಿ ನೆನೆಹಾಕಿ ಮಲಗಿ.